ಸೊಂಟದ ಕತ್ತಿ, ಅಂಗೈಯ ಮುಳ್ಳು

ಕಳಸದ ಕಡೆಯಿಂದ ಎತ್ತಿನಬೆನ್ನು ಗುಡ್ಡಕ್ಕೆ ಚಾರಣಿಗರನ್ನು ಹತ್ತಿಸುವ ಹನ್ನೊಂದು ಮಂದಿ ಮಾರ್ಗದರ್ಶಿಗಳಲ್ಲಿ ಹೆಂಗಸು ಒಬ್ಬಳೇ. ಅವಳ ಹೆಸರು ಹುಚ್ಚಮ್ಮ. ಅದು ಅವಳ ತಾಯಿಯ ತವರೂರಿನ ದೇವತೆಯ ಹೆಸರು. ಇಟ್ಟವರು ಭಕ್ತಿಯಿಂದ ಇಟ್ಟರು. ಕರೆಯುವವರು ನಲವತ್ತೇಳು ವರ್ಷಗಳಿಂದ ನಗುತ್ತ ಕರೆಯುತ್ತಿದ್ದಾರೆ. ಆ ನಗೆಗೆ ಅವಳು ಒಮ್ಮೆಯೂ ತನ್ನ ನಗೆಯನ್ನು ಸೇರಿಸಿದವಳಲ್ಲ.

ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಕಾಫಿ ಹಣ್ಣು ಕೊಯ್ಯಲು ನಿಂತು, ಹತ್ತೊಂಬತ್ತಕ್ಕೆ ಕಳಸದ ಕಡೆಗೆ ಮದುವೆಯಾಗಿ ಬಂದವಳು. ಮೂವತ್ತೊಂದಕ್ಕೆ ಗಂಡ ತೀರಿಕೊಂಡ. ಸೂತಕ ಕಳೆಯುವ ಮೊದಲೇ ಊರು ಅವಳನ್ನು 'ದಿಕ್ಕಿಲ್ಲದವಳು' ಎಂದು ಕರೆಯಿತು. ಆಡಿದವರಿಗೆ ಅದು ಕನಿಕರದ ಮಾತು. ಅವಳಿಗೆ ಬೈಗುಳಕ್ಕಿಂತ ಕೀಳಾಗಿ ಕೇಳಿಸಿತು, ಏಕೆಂದರೆ ಬೈದವರಿಗೆ ತಿರುಗಿ ಬೈಯಬಹುದು. ಕನಿಕರಿಸಿದವರಿಗೆ ಏನನ್ನು ಹಿಂದಿರುಗಿಸುವುದು?

ಅಕ್ಷರ ಕಲಿತದ್ದು ಮೂವತ್ತೆಂಟರ ಮೇಲೆ. ನಿವೃತ್ತ ಶಿಕ್ಷಕಿ ತ್ರಿಪುರಸುಂದರಿ ಅವರು ತಮ್ಮ ಮನೆಯ ಜಗಲಿಯಲ್ಲಿ ಸಂಜೆ ಆರರಿಂದ ಏಳೂವರೆಯವರೆಗೆ ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ತೋಟದ ಕೆಲಸ ಮುಗಿಸಿ, ಕಾಲಿಗೆ ಹತ್ತಿದ ಇಂಬಳಗಳನ್ನು ಅಂಗಳದಲ್ಲೇ ಕಿತ್ತೆಸೆದು, ಹುಚ್ಚಮ್ಮ ಅಲ್ಲಿ ಹೋಗಿ ಕುಳಿತಳು. ಮೊದಲ ವರ್ಷ ಹದಿನಾಲ್ಕು ಜನ ಬರುತ್ತಿದ್ದರು. ನಾಲ್ಕನೆಯ ವರ್ಷಕ್ಕೆ ಉಳಿದವಳು ಅವಳೊಬ್ಬಳೇ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಚಾರಣ ಸಂಘ ಮಾರ್ಗದರ್ಶಿಗಳನ್ನು ಸೇರಿಸಿಕೊಳ್ಳುವಾಗ ಕೇಳಿದ ಓದು ಅಷ್ಟೇ ಆಗಿದ್ದರಿಂದ ಅವಳಿಗೂ ಒಂದು ಕಾರ್ಡು ಸಿಕ್ಕಿತು. ಕೊರಳಿಗೆ ಹಾಕಿಕೊಳ್ಳುವ, ಭಾವಚಿತ್ರವಿರುವ ಕಾರ್ಡು. ಅದಿದ್ದರೆ ತಂಡ ಕಟ್ಟಿಕೊಂಡು ಗುಡ್ಡದ ಗೇಟು ದಾಟಬಹುದು. ಇಲ್ಲದಿದ್ದರೆ ವರ್ಷಪೂರ್ತಿ ಮೇಸ್ತ್ರಿಯ ಕೂಗಿಗೆ ಓಗೊಡುವ ತೋಟದ ಆಳು.

ಅವಳು ಸಂಘಕ್ಕೆ ಸೇರಿದ್ದು ರೇವಣ್ಣನಿಗೆ ಮೊದಲ ದಿನದಿಂದಲೂ ಹಿಡಿಸಲಿಲ್ಲ. ರೇವಣ್ಣ ಮಾರ್ಗದರ್ಶಿಗಳಲ್ಲಿ ಹಿರಿಯ. ಇಪ್ಪತ್ತೆರಡು ವರ್ಷ ಆ ಗುಡ್ಡವನ್ನು ತುಳಿದವನು. ಕಣ್ಣು ಕಟ್ಟಿ ಬಿಟ್ಟರೂ ಇಳಿದು ಬರುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ; ಹಾಗೆ ಇಳಿಸಿ ನೋಡುವ ಧೈರ್ಯ ಯಾರೂ ಮಾಡಿರಲಿಲ್ಲ.

ಎರಡು ವರ್ಷದ ಹಿಂದೆ ಸಂಘದ ಕಾರ್ಯದರ್ಶಿ ಶಶಿಧರ್ ಹೊರಗಿನಿಂದ ತರಬೇತುದಾರರೊಬ್ಬರನ್ನು ಕರೆಸಿ, ಒಂದು ದಿನದ ಪಾಠ ಹೇಳಿಸಿ, ಎಲ್ಲರಿಗೂ ಒಂದೊಂದು ದಿಕ್ಸೂಚಿ ಹಂಚಿಸಿದರು. ಅಂಗೈಯಲ್ಲಿ ಹಿಡಿಯುವಂಥದು, ಪಾರದರ್ಶಕ ತಳ, ಸುತ್ತ ಡಿಗ್ರಿಗಳ ಬಳೆ, ನಡುವೆ ಕೆಂಪು ತುದಿಯ ಮುಳ್ಳು. ಒಬ್ಬನ ಮನೆಯಲ್ಲಿ ಅದು ಕೂಸಿನ ಆಟಿಕೆಯಾಯಿತು, ಇನ್ನೊಬ್ಬನ ಜೀಪಿನ ಕನ್ನಡಿಗೆ ತೂಗುಬಿದ್ದಿತು. ರೇವಣ್ಣ ತನ್ನದನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. "ಈ ಗುಡ್ಡದ ಹೊಟ್ಟೆ ತುಂಬ ಕಬ್ಬಿಣ ಮಾರಾಯ. ಇಲ್ಲಿ ಆ ಮುಳ್ಳು ಕುಡಿದವನ ಹಾಗೆ ತಿರುಗುತ್ತೆ" ಎಂದ. ಆ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು, ಏಕೆಂದರೆ ಅದನ್ನು ಒಪ್ಪಿದರೆ ಏನನ್ನೂ ಕಲಿಯಬೇಕಾಗಿರಲಿಲ್ಲ.

ಹುಚ್ಚಮ್ಮ ತನ್ನದನ್ನು ಟೀಚರ ಜಗಲಿಗೆ ಒಯ್ದಳು. ವೃತ್ತಕ್ಕೆ ಮುನ್ನೂರ ಅರವತ್ತು ಭಾಗ ಏಕೆ, ಮೂಡಲಿಗೆ ತೊಂಬತ್ತು ಹೇಗೆ ಎಂಬುದನ್ನು ಅವಳು ಅರಗಿಸಿಕೊಳ್ಳಲು ತಿಂಗಳೇ ಬೇಕಾಯಿತು. ಆಮೇಲೆ ಒಂದು ಸಂಜೆ ಟೀಚರು ಕೇಳಿದರು.

"ಇಲ್ಲಿಂದ ಆ ಪಂಪ್‌ಹೌಸ್ ಎಷ್ಟರಲ್ಲಿದೆ?"

"ಎಪ್ಪತ್ತು, ಟೀಚರ್."

"ಈಗ ಅಲ್ಲಿಗೆ ಹೋಗಿ ನಿಂತು ನನ್ನ ನೋಡು."

ಅವಳು ಗದ್ದೆಯ ಬದುವಿನ ಮೇಲೆ ನಡೆದುಹೋಗಿ ನೋಡಿ ಬಂದಳು. "ಇನ್ನೂರ ಐವತ್ತು."

"ಎಪ್ಪತ್ತಕ್ಕೆ ಅರ್ಧ ಸುತ್ತು ಸೇರಿಸು. ನೂರ ಎಂಬತ್ತು."

"ಇನ್ನೂರ ಐವತ್ತೇ ಬಂತು."

"ಬರಬೇಕು. ಹೋಗುವಾಗ ನೋಡಿದ್ದೂ ಬರುವಾಗ ನೋಡಿದ್ದೂ ಹೀಗೆ ಎದುರುಬದುರಾಗಿ ಕೂಡದೆ ಹೋದ್ರೆ, ಎರಡರಲ್ಲಿ ಒಂದು ಕಡೆ ಮುಳ್ಳಿಗೆ ಎಂತದೋ ಅಡ್ಡ ಬಂದಿದೆ ಅಂತ ತಿಳ್ಕೊ. ಮುಳ್ಳನ್ನು ಬೈಬೇಡ. ಅಡ್ಡ ಬಂದದ್ದನ್ನು ಹುಡುಕು."

ಕಳೆದ ಅಕ್ಟೋಬರಿನ ಎರಡನೆಯ ಭಾನುವಾರ ಹದಿಮೂರು ಮಂದಿಯ ತಂಡವೊಂದು ಬಂದಿತ್ತು. ಮುಂದೆ ರೇವಣ್ಣ, ಸೊಂಟದ ಕೊಕ್ಕೆಯಲ್ಲಿ ಎಂದಿನಂತೆ ಕತ್ತಿ. ಹಿಂದೆ ಔಷಧಿಯ ಪೆಟ್ಟಿಗೆ ಹೊತ್ತ ಹುಚ್ಚಮ್ಮ. ತುದಿ ಮುಟ್ಟಿ ಇಳಿಯುವಾಗ, ಎತ್ತಿನ ಡುಬ್ಬದಂತೆ ಉಬ್ಬಿದ ಗುಡ್ಡದ ಹಿಣಿಲಿಗೂ ಬೆನ್ನಿಗೂ ನಡುವೆ ಹಿಣಿಲತಗ್ಗು ಎಂದು ಕರೆಯುವ ಜಾಗದಲ್ಲಿ, ಮಂಜು ಕವಿಯಿತು. ಹತ್ತು ಮಾರಿನಾಚೆ ನಿಂತವರ ಮುಖ ಕಾಣದಷ್ಟು ದಟ್ಟ. ಅಲ್ಲಿಂದ ಊರಿನ ದಾರಿ ನೇರ ಮೂಡಲಿಗೆ ಇಳಿಯುತ್ತದೆ. ಅದರ ಪಕ್ಕದಲ್ಲೇ, ಹುಲ್ಲಿನಲ್ಲಿ ಅಷ್ಟೇ ಸವೆದ ಇನ್ನೊಂದು ಜಾಡು ಆಗ್ನೇಯಕ್ಕೆ ಇಳಿದು, ಕಾನಿನೊಳಗೆ ನುಗ್ಗಿ, ಜಾರುಬಂಡೆಯ ಅಂಚಿನಲ್ಲಿ ಮುಗಿಯುತ್ತದೆ. ಕಾಟಿಗಳು, ಅಂದರೆ ಕಾಡುಕೋಣಗಳು, ಮಾಡಿದ ಜಾಡು ಅದು. ರೇವಣ್ಣ ಅದರ ಕಡೆಗೆ ಹೆಜ್ಜೆ ಇಟ್ಟ.

ಹುಚ್ಚಮ್ಮ ಮುಂದೆ ಬಂದು ದಿಕ್ಸೂಚಿ ಹಿಡಿದು ನೋಡಿದಳು. "ರೇವಣ್ಣ, ಅದಲ್ಲ. ಮೂಡಲು ಈ ಕಡೆ ಇದೆ."

ತಂಡದವರು ನಿಂತು ಇಬ್ಬರನ್ನೂ ನೋಡಿದರು. ಆ ನೋಟ ರೇವಣ್ಣನನ್ನು ಕೆರಳಿಸಿತು. "ಕೊಡು ಇಲ್ಲಿ" ಎಂದು ದಿಕ್ಸೂಚಿ ಕಿತ್ತುಕೊಂಡು, ಹೊಟ್ಟೆಯ ಹತ್ತಿರ ಹಿಡಿದು ತಿರುಗಿದ. ಅವನ ಕೈಯಲ್ಲಿ ಮುಳ್ಳು ಬೇರೆಯಾಗಿ ನಿಂತಿತು. ಅವನು ಹೊರಟಿದ್ದ ಜಾಡೇ ಮೂಡಲು ಎಂದಿತು.

"ನೋಡಿ ಸ್ವಾಮಿ, ಈ ಅಮ್ಮನ ಯಂತ್ರವೇ ನನ್ನ ಮಾತು ಹೇಳ್ತಿದೆ" ಎಂದು ತಂಡಕ್ಕೆ ತೋರಿಸಿದ.

ಅವಳು ಮರಳಿ ತೆಗೆದುಕೊಂಡು ನೋಡಿದಾಗ ಮುಳ್ಳು ಮೊದಲಿನ ಜಾಗಕ್ಕೇ ಬಂದಿತ್ತು. ಕಾರಣ ಅವಳಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ವಾದಿಸಲು ಅವಳಿಗೆ ಬಾಯಿ ಬರಲಿಲ್ಲ. ತಂಡ ರೇವಣ್ಣನ ಹಿಂದೆ ಹೋಯಿತು. ಅವಳೂ ಹೋದಳು, ಹಿಂದಿನವರನ್ನು ಬಿಟ್ಟು ಬರುವಂತಿರಲಿಲ್ಲ. ನಾಲ್ಕು ಗಂಟೆ ಕಾನಿನಲ್ಲಿ ಸುತ್ತಿದರು. ಜಾರುಬಂಡೆಯ ಮೇಲೆ ಒಬ್ಬಾಕೆ ಬಿದ್ದು ಕಣಕಾಲು ಮುರಿದುಕೊಂಡಳು. ಅವಳನ್ನು ಕಂಬಳಿಯಲ್ಲಿ ಹೊತ್ತು ಜೀಪಿಗೆ ತಲುಪಿಸುವಾಗ ಸಂಜೆಯಾಗಿತ್ತು.

ಮರುದಿನ ಜೀಪ್ ಸ್ಟ್ಯಾಂಡಿನ ಪಕ್ಕದ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದರು. ಶಶಿಧರ್ ಮೇಜಿನ ಹಿಂದೆ ಕುಳಿತಿದ್ದರು. ಹುಚ್ಚಮ್ಮನಿಗೆ ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

"ಹಿಂದಿರೋರು ಮುಂದಿರೋರಿಗೆ ದಾರಿ ಹೇಳೋದು ಎಂತಕ್ಕೆ ಹುಚ್ಚಮ್ಮ?" ಎಂದರು ಶಶಿಧರ್.

"ಮುಂದಿರೋರು ತಪ್ಪಿದ್ರು ಅಂತ, ಸರ್."

"ತಪ್ಪಿದ್ದು ನಾನಾ?" ರೇವಣ್ಣ ಎದ್ದು ನಿಂತ. "ನಿನ್ನ ಡಬ್ಬಿ ತೋರಿಸಿದ ಕಡೆಗೇ ಅಲ್ವಾ ನಾನು ಹೋದದ್ದು? ಹದಿಮೂರು ಜನ ನೋಡಿದ್ದಾರೆ. ನೀನು ಅದನ್ನ ತರದೆ ಇದ್ದಿದ್ರೆ ನನ್ನ ಕಾಲು ಊರಿಗೆ ತಾನಾಗೇ ಹೋಗ್ತಿತ್ತು."

"ನನ್ನ ಕೈಯಲ್ಲಿ ಅದು ಬೇರೆ ಕಡೆ ತೋರಿಸ್ತು."

ಬಾಗಿಲ ಬಳಿ ಕುಳಿತಿದ್ದ ಯೋಗೇಶ್ ಎಂಬ ಕಿರಿಯ ಮಾರ್ಗದರ್ಶಿ ನಕ್ಕ. "ಒಂದೇ ಪ್ರಶ್ನೆಗೆ ಇಬ್ಬರ ಕೈಲಿ ಎರಡು ಉತ್ತರ. ಪರೀಕ್ಷೇಲಿ ಹೀಗೆ ಬರೆದ್ರೆ ಸೊನ್ನೆ ಅಲ್ವಾ ಅಕ್ಕ? ಟೀಚರ್ ಹೇಳಿಕೊಡ್ಲಿಲ್ವಾ?"

ಕೋಣೆ ನಕ್ಕಿತು. "ಹೆಸರಿಟ್ಟೋರು ತಿಳಿದೇ ಇಟ್ಟಿದ್ದಾರೆ ಬಿಡು" ಎಂದ ರೇವಣ್ಣ.

ಶಶಿಧರ್ ಕೈ ಚಾಚಿದರು. "ಕಾರ್ಡು ಕೊಡಿ. ದಾರಿ ತಪ್ಪಿಸಿದ ಕಾರಣಕ್ಕೆ ವಾಪಸ್ ತಗೊಂಡಿದೆ ಅಂತ ಬರೀತೀನಿ."

ಹುಚ್ಚಮ್ಮ ಕಾರ್ಡನ್ನು ಕೊರಳಿಂದ ತೆಗೆದಳು, ಆದರೆ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. "ತಗೊಳ್ಳಿ, ಬರೀಬೇಡಿ. ಬರೆಯೋ ಮೊದಲು ಬರುವ ಭಾನುವಾರ ಹಿಣಿಲತಗ್ಗಿಗೆ ಬನ್ನಿ. ಎಲ್ಲರೂ ಬನ್ನಿ. ಅಲ್ಲಿ ನಾನು ತಪ್ಪು ಅಂತ ಆದ್ರೆ ನಿಮ್ಮ ಕಾಗದಕ್ಕೆ ನಾನೇ ಸಹಿ ಹಾಕ್ತೀನಿ."

"ಗುಡ್ಡ ಬಂದು ಸಾಕ್ಷಿ ಹೇಳುತ್ತಾ?" ಎಂದ ರೇವಣ್ಣ.

"ನೀವು ಬನ್ನಿ ಸಾಕು."

ಅಷ್ಟು ಖಂಡಿತವಾಗಿ ಆಡಿ ಬಂದವಳಿಗೆ ಅಂದು ಊಟ ಸೇರಲಿಲ್ಲ. ಆರು ದಿನಗಳಲ್ಲಿ ಏನನ್ನು ಸಾಬೀತುಮಾಡಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಗುಡ್ಡದ ಕಬ್ಬಿಣವೇ ಕಾರಣವಾಗಿದ್ದರೆ ರೇವಣ್ಣ ಹೇಳಿದ್ದು ಸತ್ಯ, ಅವಳು ಎರಡು ವರ್ಷ ಕಲಿತದ್ದು ಕಸ.

ಮಂಗಳವಾರ ತೋಟದಲ್ಲಿ ಕಳೆ ಸವರುವ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ದಿಕ್ಸೂಚಿ ತೆಗೆದು, ಎಲ್ಲೆಯ ಗುಂಟ ನೇರವಾಗಿ ನಿಂತ ಸಿಲ್ವರ್ ಓಕ್ ಸಾಲನ್ನು ಒಂದು ತುದಿಯಿಂದ ನೋಡಿದಳು. ಇಪ್ಪತ್ತು. ಕಳೆಯ ನಡುವೆ ಬಿಟ್ಟಿದ್ದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಗೆ ನಡೆದು ಹಿಂದಿರುಗಿ ನೋಡಿದಳು. ಇನ್ನೂರು ಬರಬೇಕಿತ್ತು, ಇನ್ನೂರ ಮೂವತ್ತು ಬಂದಿತು. ಮತ್ತೆ ನೋಡಿದಳು, ಅಷ್ಟೇ. ತೋಟದ ಮಣ್ಣಿನಲ್ಲಿ ಯಾವ ಕಬ್ಬಿಣ? ಈ ಮುಳ್ಳು ಎಲ್ಲೆಲ್ಲೂ ಸುಳ್ಳೇ ಹೇಳುವುದಾದರೆ ಗುಡ್ಡವನ್ನು ದೂರಿ ಏನು ಫಲ?

ಬುತ್ತಿ ಬಿಚ್ಚಲು ಕೂರುವ ಮೊದಲು ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಮರದ ಬುಡಕ್ಕೆ ಒರಗಿಸಿ, ನಾಲ್ಕು ಹೆಜ್ಜೆ ಆಚೆ ಬಂದಳು. ದಿಕ್ಸೂಚಿ ಇನ್ನೂ ಎಡಗೈಯಲ್ಲಿತ್ತು. ಮುಳ್ಳು ನಡುಗಿ, ಸರಿದು, ಬೇರೆ ಕಡೆ ನಿಂತಿತು. ಸಾಲನ್ನು ನೋಡಿದಳು. ಇನ್ನೂರು.

ಅವಳು ಕತ್ತಿಯನ್ನು ಮತ್ತೆ ಸಿಕ್ಕಿಸಿಕೊಂಡಳು, ಮತ್ತೆ ತೆಗೆದಳು; ಆ ಬುತ್ತಿ ಅಂದು ಹಾಗೇ ಮನೆಗೆ ಮರಳಿತು. ಎರಡು ವರ್ಷದಿಂದ ಗುಡ್ಡದ ಹೊಟ್ಟೆಯ ಕಬ್ಬಿಣವನ್ನು ದೂರುತ್ತಿದ್ದವರು ತಮ್ಮ ಹೊಟ್ಟೆಯ ಪಕ್ಕದ ಕಬ್ಬಿಣವನ್ನು ನೋಡಿಕೊಂಡಿರಲಿಲ್ಲ. ನೋಡಿಕೊಳ್ಳುವುದಾದರೂ ಹೇಗೆ? ಈ ಸೀಮೆಯ ಗಂಡಸಿಗೆ ಕತ್ತಿ ಒಂದು ಸಾಮಾನಲ್ಲ, ಕೈಬೆರಳಿದ್ದ ಹಾಗೆ. ಕಬ್ಬಿಣವಿಲ್ಲದೆ ಕಾನು ಹೊಗಬಾರದು, ಹೊಕ್ಕರೆ ಗಾಳಿ ಸೋಕುತ್ತದೆ ಎಂದು ಅಜ್ಜಿಯರು ಹೇಳಿಕೊಟ್ಟಿದ್ದಾರೆ. ಆ ಭಾನುವಾರ ಅವಳ ಸೊಂಟದಲ್ಲಿ ಕತ್ತಿ ಇರಲಿಲ್ಲ. ಔಷಧಿ ಪೆಟ್ಟಿಗೆಯವರು ಕತ್ತಿ ಕಟ್ಟುವುದಿಲ್ಲ. ರೇವಣ್ಣ ಮುಳ್ಳನ್ನು ಹಿಡಿದದ್ದು ಕತ್ತಿಯ ಗೇಣಂತರದಲ್ಲಿ.

ಆದರೂ ಗುಡ್ಡವನ್ನು ಕೇಳದೆ ತೀರ್ಮಾನಿಸುವಂತಿರಲಿಲ್ಲ. ಗುರುವಾರ ಕೂಲಿ ಬಿಟ್ಟು ಒಬ್ಬಳೇ ಹತ್ತಿದಳು. ಊರಿನವರು ಒಂಟಿಯಾಗಿ ಹೋದರೆ ಗೇಟಿನಲ್ಲಿ ತಡೆಯುವುದಿಲ್ಲ. ಕತ್ತಿ ಇಲ್ಲ, ಸೆರಗಿಗೆ ಪಿನ್ನಿಲ್ಲ, ಫೋನು ಮನೆಯಲ್ಲಿ, ಊಟ ಬಾಳೆಲೆಯಲ್ಲಿ. ಗಾಳಿ ಸೋಕುವುದಾದರೆ ಸೋಕಲಿ ಎಂದುಕೊಂಡಳು. ದಾರಿಯುದ್ದಕ್ಕೂ ಒಂಬತ್ತು ಕಡೆ ನಿಂತು, ಹೋಗುವ ದಿಕ್ಕನ್ನೂ ಬರುವ ದಿಕ್ಕನ್ನೂ ನೋಡಿ, ಹಳೆಯ ನೋಟುಬುಕ್ಕಿನಲ್ಲಿ ಗುರುತು ಹಾಕಿದಳು. ಏಳು ಕಡೆ ಎರಡೂ ಕೂಡಿದವು. ಹಿಣಿಲತಗ್ಗು ಆ ಏಳರಲ್ಲಿ ಒಂದು. ಇನ್ನೆರಡು ಕಡೆ ಕೂಡಲಿಲ್ಲ. ಎರಡೂ ತುದಿಯ ಸಮೀಪದ ಕರಿಬಂಡೆಯ ಪಕ್ಕದವು. ಅಲ್ಲಿ ನಿಂತಾಗ ಒಂದು, ಕುಕ್ಕರಿಸಿ ಬಂಡೆಯ ಹತ್ತಿರ ಹಿಡಿದಾಗ ಇನ್ನೊಂದು. ಮುಳ್ಳು ನಿಜವಾಗಿಯೂ ಕುಡಿದವನ ಹಾಗೆಯೇ ಇತ್ತು.

ರೇವಣ್ಣನ ಮಾತಿನಲ್ಲಿ ಅಷ್ಟು ಸತ್ಯವಿದೆ ಎಂಬುದು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಆ ಎರಡನ್ನು ಬರೆಯದೆ ಬಿಡಬಹುದಾಗಿತ್ತು. ನೋಡಿದವರು ಯಾರೂ ಇರಲಿಲ್ಲ. ಬರೆದಳು.

ಭಾನುವಾರ ಆಕಾಶ ತೊಳೆದಿಟ್ಟಂತಿತ್ತು. ಹಿಣಿಲತಗ್ಗಿಗೆ ಶಶಿಧರ್, ರೇವಣ್ಣ, ಯೋಗೇಶ್, ಜೊತೆಗೆ ಇನ್ನೂ ಐದು ಮಾರ್ಗದರ್ಶಿಗಳು ಬಂದರು. ದಾರಿಯಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ, ನೀರಿನ ಬಾಟಲಿಯನ್ನೂ ಅವಳನ್ನು ಬಿಟ್ಟು ಕೈ ದಾಟಿಸಿದರು.

ಅವಳು ಮೊದಲು ಹೇಳಿದ್ದು ತನಗೆ ವಿರುದ್ಧವಾದದ್ದನ್ನೇ. "ಕರಿಬಂಡೆ ಹತ್ತಿರ ಈ ಮುಳ್ಳನ್ನು ನಂಬೋ ಹಾಗಿಲ್ಲ. ಅಲ್ಲಿ ಕಬ್ಬಿಣ ಇರೋದು ನಿಜ."

"ಕೇಳಿದ್ರಾ ಶಶಿಧರ್ ಅವ್ರೇ? ಅವಳ ಬಾಯಲ್ಲೇ ಬಂತು" ಎಂದ ರೇವಣ್ಣ. "ಇನ್ನು ಇಳಿಯೋಣ."

"ಅಲ್ಲಿ ನಿಜ. ಇಲ್ಲಿ ಅಲ್ಲ" ಎಂದಳು. "ಸರ್, ನಿಮ್ಮ ಫೋನನ್ನ ಯೋಗೇಶನ ಕೈಗೆ ಕೊಟ್ಟು ದೂರ ಕಳಿಸಿ. ಇದನ್ನ ನೀವೇ ಹಿಡೀರಿ. ಎದುರಿನ ಗುಡ್ಡದ ನಿಂತಕಲ್ಲು ಎಷ್ಟರಲ್ಲಿದೆ?"

ಶಶಿಧರ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರು. "ಎಂಬತ್ತೈದು."

"ಈಗ ರೇವಣ್ಣ ನೋಡ್ಲಿ. ಅದಕ್ಕೆ ಮೊದಲು ಅವರು ಕತ್ತಿ ತೆಗೆದು ಆ ಕಲ್ಲಿನ ಮೇಲಿಡಲಿ."

ರೇವಣ್ಣನ ಮುಖದ ರಕ್ತವೆಲ್ಲ ಕಿವಿಗೆ ಏರಿತು. "ನಾನು ಹನ್ನೆರಡನೇ ವಯಸ್ಸಿಂದ ಕಟ್ಟಿದ ಕತ್ತಿ ಇದು. ನಮ್ಮಪ್ಪ ಹೇಳಿದ್ರೂ ಕಾಡಲ್ಲಿ ಬಿಚ್ಚಿದವನಲ್ಲ. ಒಂದು ಹೆಂಗಸು ಬಿಚ್ಚು ಅಂದ ಕೂಡ್ಲೆ ಬಿಚ್ಚೋಕೆ ನನಗೇನು ಬಂದಿದೆ?"

"ಬಿಚ್ಚಬೇಡಿ ಹಾಗಾದ್ರೆ. ಶಶಿಧರ್ ಅವರ ಪಕ್ಕಕ್ಕೆ ಬಂದು ನೋಡಿ, ಸಾಕು."

ಆ ಮಾತಿನಲ್ಲಿ ಅವಮಾನವೇನೂ ಕಾಣದೆ ಅವನು ಧಡಧಡನೆ ಬಂದು, ಶಶಿಧರರ ಬಲಕ್ಕೆ ಒತ್ತಿಕೊಂಡು ಬಗ್ಗಿದ. ಕತ್ತಿಯ ಹಿಡಿ ಅವರ ಮೊಣಕೈಗೆ ತಾಗಿತು. ಮುಳ್ಳು ಅವನಿಗಿಂತ ಮೊದಲೇ ತಿರುಗಿತ್ತು.

ಶಶಿಧರ್ ಎರಡು ಹೆಜ್ಜೆ ಎಡಕ್ಕೆ ಸರಿದರು, ಮುಳ್ಳು ಮರಳಿತು. ರೇವಣ್ಣ ಅರ್ಥವಾಗದೆ ಹಿಂಬಾಲಿಸಿದ. ಮುಳ್ಳು ಮತ್ತೆ ಅವನ ಕಡೆ ವಾಲಿತು. ಫೋನು ಇಟ್ಟು ಬಂದ ಯೋಗೇಶ್ ತನ್ನ ಕತ್ತಿಯನ್ನು ಕೊಕ್ಕೆಯಿಂದ ತೆಗೆದು ದಿಕ್ಸೂಚಿಯ ಹತ್ತಿರ ತಂದ, ದೂರ ಒಯ್ದ, ಮತ್ತೆ ತಂದ. "ಹೌದು ಮಾರಾಯ" ಎಂದ, ಯಾರಿಗೆಂದಲ್ಲದೆ.

"ಆ ದಿನ ನೀವು ಇದನ್ನ ಹಿಡಿದದ್ದು ಎಲ್ಲಿ ಅಂತ ನೆನಪು ಮಾಡ್ಕೊಳ್ಳಿ" ಎಂದಳು ಹುಚ್ಚಮ್ಮ. "ಮೂಡಲು ತೋರಿಸಿದ್ದು ಮುಳ್ಳಲ್ಲ. ನಿಮ್ಮ ಕತ್ತಿ."

ರೇವಣ್ಣ ಸುತ್ತಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರೂ ನಗಲಿಲ್ಲ. ಅದರಿಂದ ಅವನಿಗೆ ಹೆಚ್ಚು ನೋವಾಯಿತು. "ಕಬ್ಬಿಣ ಬಿಟ್ಟು ಕಾಡು ಹೊಗ್ತೀಯಲ್ಲ, ಒಂದಿನ ನಿನ್ನ ಹೆಣ ಹುಡುಕೋಕೆ ನಾವೇ ಬರಬೇಕು" ಎಂದು ಹೇಳಿ, ಬೆನ್ನು ತಿರುಗಿಸಿ ಇಳಿದುಬಿಟ್ಟ. ಅಂದು ಅವನು ಹಿಡಿದದ್ದು ಸರಿಯಾದ ದಾರಿಯನ್ನೇ.

ಶಶಿಧರ್ ಜೇಬಿನಿಂದ ಮೊದಲೇ ಸಿದ್ಧಪಡಿಸಿದ್ದ ಕಾಗದ ತೆಗೆದು, ಹಿಂಬದಿಯಲ್ಲಿ ಹೊಸದಾಗಿ ಎರಡು ಸಾಲು ಬರೆದು ಅವಳ ಮುಂದೆ ಹಿಡಿದರು. ಅವಳು ಓದಿದಳು. 'ದಟ್ಟ ಮಂಜಿನ ಕಾರಣ ದಿಕ್ಸೂಚಿ ಕೆಲಸ ಮಾಡದೆ ತಂಡ ದಾರಿ ತಪ್ಪಿತು. ಇದರಲ್ಲಿ ಯಾರ ತಪ್ಪೂ ಇಲ್ಲ.'

"ಇದಕ್ಕೆ ಸಹಿ ಹಾಕಿ. ಕಾರ್ಡು ಕೊಡ್ತೀನಿ. ರೇವಣ್ಣ ಹಿರಿಯರು, ಅವರಿಗೆ ಊರಲ್ಲಿ ಮುಖ ಬೇಕು."

"ಮಂಜಿಗೂ ಮುಳ್ಳಿಗೂ ಸಂಬಂಧ ಇಲ್ಲ, ಸರ್. ಮಂಜಿನಲ್ಲಿ ಕೆಲಸ ಮಾಡ್ಲಿ ಅಂತಲೇ ಅದನ್ನ ಕೊಟ್ಟಿದ್ದು."

"ಹಟ ಬೇಡ ಹುಚ್ಚಮ್ಮ. ನಿಮಗೆ ಬೇಕಾದದ್ದು ಕಾರ್ಡು ತಾನೆ?"

"ಹೌದು. ಅದನ್ನ ತಗೊಂಡದ್ದು ನಾನು ದಾರಿ ತಪ್ಪಿಸಿದೆ ಅಂತ. ತಪ್ಪಿಸಿಲ್ಲ ಅಂತ ನಿಮ್ಮ ಕಣ್ಣೇ ನೋಡ್ತು. ಇನ್ನೊಂದು ಸುಳ್ಳಿಗೆ ಸಹಿ ಹಾಕಿ ನನ್ನದೇ ವಸ್ತು ವಾಪಸ್ ತಗೊಳ್ಳೋಳಲ್ಲ ನಾನು. ಕೊಡೋದಾದ್ರೆ ಹಾಗೇ ಕೊಡಿ. ಕೊಡದೆ ಇದ್ರೆ ಆ ಹದಿಮೂರು ಜನಕ್ಕೆ ನಾನೇ ಕಾಗದ ಬರೀತೀನಿ. ಬರೆಯೋಕೆ ಬರುತ್ತೆ ನನಗೆ."

ಉಳಿದವರು ಹುಲ್ಲನ್ನು ನೋಡುತ್ತ ನಿಂತಿದ್ದರು. ಶಶಿಧರ್ ಕಾಗದ ಮಡಚಿದರು. ಕಾರ್ಡನ್ನು ಅವಳ ಕೈಗೆ ಕೊಡದೆ ಕಲ್ಲಿನ ಮೇಲೆ ಎಸೆದು, "ನಾಳೆಯಿಂದ ಬನ್ನಿ" ಎಂದು ಹೊರಟರು. ಅವಳು ಬಗ್ಗಿ ಎತ್ತಿಕೊಂಡಳು. ಬಗ್ಗಿದ್ದು ಅವರಿಗಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುವಷ್ಟು ನಿಧಾನವಾಗಿ ಬಗ್ಗಿದಳು.

ಸಂಘ ಅವಳನ್ನು ಕ್ಷಮಿಸಿಲ್ಲ. ಬಿಸಿಲಿನ ದಿನ, ದೊಡ್ಡ ತಂಡ, ಖುಷಿಯ ಜನ ಬಂದಾಗ ಅವಳ ಪಾಳಿ ಬರುವುದಿಲ್ಲ. ಬೆಳಗ್ಗೆ ಎದ್ದು ನೋಡಿದಾಗ ಗುಡ್ಡ ಕಾಣದಿದ್ದರೆ, ಬೇರೆಯವರಿಗೆಲ್ಲ ಒಮ್ಮೆಗೇ ಜ್ವರವೋ ನೆಂಟರಿಷ್ಟರ ಮದುವೆಯೋ ಬಂದು, ಜೀಪ್ ಸ್ಟ್ಯಾಂಡಿನಿಂದ ಅವಳಿಗೆ ಫೋನು ಬರುತ್ತದೆ. ಅದು ಶಿಕ್ಷೆ ಎಂದೇ ಅವರು ಭಾವಿಸಿದ್ದಾರೆ. ಅವಳು ಪಿನ್ನು ಬಿಚ್ಚಿ, ಸೆರಗನ್ನು ಗಂಟು ಹಾಕಿ, ಹೊರಡುತ್ತಾಳೆ. ರೇವಣ್ಣ ಎದುರಾದರೆ ರಸ್ತೆಯ ಇನ್ನೊಂದು ಬದಿಗೆ ದಾಟುತ್ತಾನೆ; ಅವಳು ದಾಟುವುದಿಲ್ಲ.